ಸಾವಿರದ ಡಬ್ಬಿಯಲ್ಲಿ ಸಿಕ್ಕ ಚೀಟಿ

ದೇವರೇ ಗತಿ

ತಾ. ೧೪, ಬುಧವಾರ, ಮಧ್ಯಾಹ್ನ

ಪ್ರೀತಿಯ ಮೆಣಸಿನಕಾಳಿಗೆ,

ನಿನ್ನ ಅಕ್ಕ ಮಾಡುವ ಆಶೀರ್ವಾದ. ದೇವರ ದಯೆಯಿಂದ ನಾವೆಲ್ಲ ಚೆನ್ನಾಗಿದ್ದೇವೆ, ನೀವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ.

ಇಷ್ಟು ಬರೆದು ಪೆನ್ನು ಕೆಳಗಿಟ್ಟು, ಎದ್ದು ಹೋಗಿ ನೀರು ಕುಡಿದು ಬಂದೆ. ಅಪ್ಪ ಇಟ್ಟ ಅಡ್ಡಹೆಸರಿನಿಂದ ನಿನ್ನನ್ನು ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ಬೇರೆ ಏನೆಂದು ಕರೆಯಲಿ? ಪತ್ರ ತಡವಾಯಿತು, ಮನ್ನಿಸು ಎಂದು ಎಲ್ಲರೂ ಬರೆಯುತ್ತಾರೆ. ಅದು ಹದಿನೈದು ದಿನ, ಒಂದು ತಿಂಗಳು ತಡವಾದವರ ಮಾತು. ಹತ್ತೊಂಬತ್ತು ವರ್ಷ ತಡವಾದವರು ಏನು ಬರೆಯಬೇಕೆಂದು ನಮ್ಮ ಊರಿನ ಶಾಲೆಯಲ್ಲಿ ಮೇಷ್ಟರು ಹೇಳಿಕೊಟ್ಟಿರಲಿಲ್ಲ.

ನಿನ್ನ ವಿಳಾಸವನ್ನು ದೊಡ್ಡಮ್ಮನ ಮಗನಿಗೆ ಫೋನು ಮಾಡಿ ಕೇಳಿದೆ. "ಯಾಕಕ್ಕಾ, ಯಾರಾದ್ರೂ ಹೋಗ್ಬಿಟ್ರಾ?" ಎಂದು ಗಾಬರಿಯಾದ. "ಇಲ್ಲಪ್ಪ, ಒಬ್ರು ವಾಪಸ್ ಬಂದ್ರು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ನನಗೂ ಇನ್ನೂ ಪೂರ್ತಿ ಅರ್ಥವಾಗಿಲ್ಲ. ಅಕ್ಷರ ಕೋಳಿಕಾಲಿನಂತಿದ್ದರೆ ನಗಬೇಡ.

ನಮ್ಮ ಮಾವನವರು ನಿನಗೆ ನೆನಪಿರಬೇಕು. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿದ್ದವರು, ಬೀದಿಯವರ ಬಾಯಲ್ಲಿ ಪದಜ್ಜ. ಈಗ ಅವರಿಗೆ ಎಂಬತ್ತನಾಲ್ಕು. ನಲವತ್ತು ವರ್ಷದಿಂದ ಒಂದೇ ಒಂದು ಪುಸ್ತಕ ಮಾಡುತ್ತಿದ್ದಾರೆ. ದೊಡ್ಡ ದೊಡ್ಡ ಎಣಿಕೆಯ ಮಾತುಗಳು ಎಲ್ಲಿಂದ ಬಂದವು, ಜನ ಅವನ್ನು ಯಾವ ಯಾವ ಅರ್ಥದಲ್ಲಿ ಆಡುತ್ತಾರೆ ಎನ್ನುವ ಪುಸ್ತಕ. ಯಾರೇ ಮಾತಾಡುತ್ತಿರಲಿ, ನಡುವೆ ನೂರು, ಸಾವಿರ ಅಂತ ಬಂತೋ, ಮಾವನ ಕೈ ಜೇಬಿಗೆ ಹೋಯಿತೆಂದೇ ಲೆಕ್ಕ. ಅಂಗೈ ಅಗಲದ ಚೀಟಿ. ಮೇಲೆ ಪದ. ಅದರ ಕೆಳಗೆ ಆಡಿದ ಮಾತು, ಬಾಯಿಂದ ಬಂದ ಹಾಗೇ. ಆಮೇಲೆ ಆಡಿದವರು ಯಾರು, ಎಲ್ಲಿ, ಯಾವತ್ತು. ಕೊನೆಗೆ ಕೆಂಪು ಶಾಯಿಯಲ್ಲಿ ಅದರ ಛಾಯೆ, ಅಂದರೆ ಯಾವ ಅರ್ಥದಲ್ಲಿ ಆಡಿದ್ದು ಎಂದು. ಹೆಸರು ಬರೆಯುವುದಿಲ್ಲ, ಹಾಲಿನವಳು, ದರ್ಜಿ, ಮಗ, ಸೊಸೆ, ಅಷ್ಟೇ. ಎಲ್ಲ ಬಿಸ್ಕತ್ತಿನ ತಗಡಿನ ಡಬ್ಬಿಗಳಲ್ಲಿವೆ. ನೂರಕ್ಕೆ ಒಂದು, ಸಾವಿರಕ್ಕೆ ಎರಡು, ಲಕ್ಷಕ್ಕೆ ಒಂದು, ಕೋಟಿಗೆ ಒಂದು. ಅದರಾಚೆಯವಕ್ಕೆಲ್ಲ ಸೇರಿ ಒಂದು ಸಣ್ಣ ಪೌಡರ್ ಡಬ್ಬಿ.

ಹೋದ ವರ್ಷ ಅವರ ಎರಡೂ ಕಣ್ಣು ಮಂಜಾದವು. ಪ್ರೆಸ್ಸಿನ ಯಜಮಾನರು ಬಂದು, "ಪದಜ್ಜಾ, ಮೂರು ತಿಂಗಳೊಳಗೆ ಕೊಟ್ರೆ ಅಚ್ಚು ಹಾಕ್ತೀನಿ, ಇಲ್ದಿದ್ರೆ ನಾನೂ ಮುದುಕ ಆಗ್ತೀನಿ" ಎಂದರು. ಹಾಗಾಗಿ ಎರಡು ತಿಂಗಳಿಂದ ಊಟದ ಪಾತ್ರೆ ತೊಳೆದಿಟ್ಟು ನಾನು ಚೀಟಿ ಓದುತ್ತೇನೆ. ಅವರು ಕಣ್ಣು ಮುಚ್ಚಿ ಕೇಳಿ, "ಸೇರ್ಸು" ಅಥವಾ "ಬಿಡು" ಅನ್ನುತ್ತಾರೆ. ಏಳನೇ ಕ್ಲಾಸು ಓದಿದ ನಿನ್ನಕ್ಕ ಪುಸ್ತಕ ಮಾಡುತ್ತಿದ್ದಾಳೆ ಕಣೇ!

ಮೊದಮೊದಲು ನಕ್ಕು ನಕ್ಕು ಸಾಕಾಯಿತು. "ನಂಗೆ ಸಾವಿರ ಕೆಲ್ಸ ಇದೆ" ಎಂದು ನಾನು ಯಾವಾಗಲೋ ಅಂದಿದ್ದೆ. ಚೀಟಿಯ ಕೆಳಗೆ ಮಾವ ಬರೆದಿದ್ದಾರೆ: ಸೊಸೆ, ಅಡುಗೆಮನೆ. ಎಣಿಸಿ ನೋಡಿದಾಗ: ನಾಲ್ಕು. ನಿನ್ನ ಭಾವ ಒಮ್ಮೆ "ಲಕ್ಷಕ್ಕೊಬ್ಳು ಕಣಪ್ಪ ನನ್ ಹೆಂಡ್ತಿ" ಅಂದಿದ್ದರಂತೆ. ಅದಕ್ಕೆ ಮಾವನ ಟಿಪ್ಪಣಿ: ಹಸಿದಿದ್ದಾಗ ಹೇಳಿದ್ದು. ದರ್ಜಿಯದು, ಹಾಲಿನವಳದು, ಎದುರುಮನೆ ನರ್ಸಮ್ಮನದು, ಎಲ್ಲರ ಬಾಯೂ ಡಬ್ಬಿಯೊಳಗಿದೆ. ನೂರೆಂಟು ಎನ್ನುವ ಪದಕ್ಕೆ ಅರವತ್ತು ಚೀಟಿ ಇದ್ದವು. ನೂರೆಂಟು ನೆಪ, ನೂರೆಂಟು ಕಾಟ, ನೂರೆಂಟು ತಾಪತ್ರಯ. ಒಂದರಲ್ಲೂ ಖುಷಿಯ ಮಾತಿಲ್ಲ. "ಮಾವ, ನಾನು ಜಪಕ್ಕೆ ಕೂತ್ರೆ ಅದೇ ನೂರೆಂಟು, ರಗಳೆಗೂ ಅದೇ ನೂರೆಂಟಾ?" ಎಂದು ಕೇಳಿದೆ. "ಎರಡಕ್ಕೂ ಬೇಕಾಗಿರೋದು ತಾಳ್ಮೆ ತಾನೇ" ಎಂದರು. ಆ ಮಾತನ್ನೇ ನಾನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿದೆ. ಆಡಿದವರು: ಮಾವ.

ಅವರು ಹೇಳುವುದನ್ನು ಕೇಳುವುದೇ ಒಂದು ಚೆಂದ. "ನೋಡಮ್ಮ, ಹತ್ತು ನಮ್ದು, ನೂರು ನಮ್ದು. ನೂರು ದಾಟಿದ್ರೆ ಎಲ್ಲಾ ಸಂಸ್ಕೃತದ ಎರವಲು. ಸಾವಿರ ನಮ್ದೇ ಅನ್ಸತ್ತಲ್ಲ? ಅದೂ ಸಹಸ್ರ ಅಂತ ಹೊರಟು, ಸಾಸಿರ ಆಗಿ, ಬಾಯಿಂದ ಬಾಯಿಗೆ ಸವೆದು ಸಾವಿರ ಆಗಿದ್ದು."

"ಅಂದ್ರೆ ನಮ್ಮ ಹಿಂದಿನೋರ ಹತ್ರ ನೂರಕ್ಕಿಂತ ಜಾಸ್ತಿ ಏನೂ ಇರ್ಲಿಲ್ವಾ?"

"ಇತ್ತು. ಎಣಿಸೋ ಚಿಂತೆ ಇರ್ಲಿಲ್ಲ ಅನ್ಸತ್ತೆ."

ಪೌಡರ್ ಡಬ್ಬಿಯಲ್ಲಿ ಅರ್ಬುದ, ಖರ್ವ, ಪದ್ಮ, ಶಂಖ, ಪರಾರ್ಧ ಎಲ್ಲ ಇವೆ. ಪದ್ಮ ಅಂದರೆ ತಾವರೆ, ಶಂಖ ಅಂದರೆ ಶಂಖವೇ. ಅಷ್ಟು ದೊಡ್ಡ ಎಣಿಕೆಗೆ ಕೊಳದಲ್ಲಿರುವುದನ್ನು, ಕಡಲಲ್ಲಿರುವುದನ್ನು ಹೆಸರಾಗಿ ಕೊಟ್ಟ ಹಿರಿಯರ ಮೇಲೆ ನನಗೆ ಅಕ್ಕರೆ ಬಂತು. ಖರ್ವ ಅಂದರೆ ಗಿಡ್ಡ ಅಂತೆ! ನಮ್ಮ ಬೀದಿಯ ಆರಡಿ ಎತ್ತರದ ಲಾರಿ ಡ್ರೈವರನ್ನು ಎಲ್ಲರೂ ಚೋಟು ಅನ್ನುತ್ತಾರಲ್ಲ, ಹಾಗೇ ಇರಬೇಕು. ಇವುಗಳ ಬೆಲೆ ಕೂಡ ಒಂದೊಂದು ಪಟ್ಟಿಯಲ್ಲಿ ಒಂದೊಂದು ಥರ. ಮನುಷ್ಯರು ಬಳಸದ ಪದ, ಕೂತವರಿಲ್ಲದ ಕುರ್ಚಿಯ ಹಾಗೆ, ಎಲ್ಲಿಗೆ ಬೇಕಾದರೂ ಎಳೆಯಬಹುದು ಎಂದರು ಮಾವ.

ಒಂದು ದಿನ ಮಾತ್ರ ನನಗೆ ಎದೆ ಧಸಕ್ಕೆಂದಿತು. "ಕೋಟಿ ಅನ್ನೋದಕ್ಕೆ ಮೂಲದಲ್ಲಿ ತುದಿ ಅಂತ ಅರ್ಥ, ಬಿಲ್ಲಿನ ತುದಿ. ಬಗೆ ಅಂತಾನೂ ಹೇಳ್ತಾರೆ. ಮೂವತ್ತಮೂರು ಕೋಟಿ ದೇವತೆಗಳು ಅಂದ್ರೆ ಮೂವತ್ತಮೂರು ಬಗೆ ಅಷ್ಟೇ ಅನ್ನೋರಿದ್ದಾರೆ" ಎಂದುಬಿಟ್ಟರು. ಐವತ್ತು ವರ್ಷ ಕೈಮುಗಿದವಳು ನಾನು. "ಹಂಗಾದ್ರೆ ಉಳಿದೋರು ಎಲ್ಲಿ ಹೋದ್ರು ಮಾವ?" ಎಂದೆ. "ಎಲ್ಲೂ ಹೋಗಿಲ್ಲ ತಾಯಿ. ಎಣಿಸೋಕೆ ಹೋದೋನು ಮನುಷ್ಯ." ನಾನು ಆ ಸಂಜೆ ದೇವರ ಮುಂದೆ ಇನ್ನೊಂದು ಬತ್ತಿ ಹೆಚ್ಚು ಹಚ್ಚಿದೆ. ಈ ವರ್ಷದ ದೊಡ್ಡ ಆಘಾತ ಇದೇ ಅಂದುಕೊಂಡಿದ್ದೆ. ದೇವರು ಮೇಲೆ ಕೂತು ನಕ್ಕಿರಬೇಕು.

ಶನಿವಾರ ಸಾವಿರದ ಎರಡನೇ ಡಬ್ಬಿ ತೆಗೆದೆವು. ಹಳೆಯದು, ಮುಚ್ಚಳ ತುಕ್ಕು ಹಿಡಿದು ಚಮಚದಿಂದ ಮೀಟಬೇಕಾಯಿತು. ಮೇಲಿನ ಹತ್ತು ಹದಿನೈದು ಚೀಟಿ ಓದಿದೆ. ಮುಂದಿನದನ್ನೂ ಅದೇ ರಾಗದಲ್ಲಿ ಓದಲು ಶುರುಮಾಡಿದೆ. ಹಾಗೇ ಬರೆಯುತ್ತೇನೆ, ನೋಡು:

ಸಾವಿರ. "ಅಕ್ಕಂಗೆ ಹೇಳಿ, ಅಮ್ಮ ಕೊನೇ ದಿನ ಸಾವಿರ ಸಲ ಅವಳ ಹೆಸ್ರೇ ಕರೆದ್ಲು. ಆಮೇಲೆ ........ ಅಂತಂದು ಕಣ್ಣು ಮುಚ್ಚಿದ್ಲು. ಇಷ್ಟು ಹೇಳೋಕೇ ಬಂದೆ." ಸೊಸೆಯ ತಂಗಿ. ನಮ್ಮ ಮನೆ, ಮುಂಬಾಗಿಲು. ನಿಂತು, ಅಳುತ್ತ.

ಬಾಯಿ ಓದಿ ಮುಗಿಸಿತ್ತು. ತಲೆಗೆ ಆಮೇಲೆ ಹೊಕ್ಕಿತು. ತಾರೀಖು ನೋಡಿದೆ. ಅಮ್ಮ ಹೋದ ಇಪ್ಪತ್ತಮೂರನೇ ದಿನ. ಗೋಡೆಯ ಮೇಲೆ ನಿನ್ನ ಭಾವ ರಿಪೇರಿ ಮಾಡಿ ತೂಗುಹಾಕಿದ ಆರು ಗಡಿಯಾರ ಒಟ್ಟಿಗೆ ಟಕ್ ಟಕ್ ಅನ್ನುತ್ತಿದ್ದವು. ಮಾವ ಕಣ್ಣು ಮುಚ್ಚಿಕೊಂಡೇ, "ಛಾಯೆ ಓದಮ್ಮ" ಎಂದರು.

ಛಾಯೆ! ನಾನು ಓದಿದೆ ಕಣೇ. ಯಾಕೆ ಓದಿದೆನೋ. "ಎಡೆಬಿಡದೆ, ಪಕ್ಕದಲ್ಲಿ ಕೂತು ಎಣಿಸಿದವರಿಗೂ ಲೆಕ್ಕ ತಪ್ಪುವಷ್ಟು."

"ಸೇರ್ಸು. ನಲವತ್ತು ವರ್ಷದಲ್ಲಿ ಸಾವಿರಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನಂಗೆ ಸಿಕ್ಕಿಲ್ಲ" ಎಂದರು.

ಬಾಗಿಲಲ್ಲಿ ನಿಂತು ಅಳುವ ಹೆಣ್ಣುಮಗಳ ಬಾಯಿಂದ ಉದುರಿದ ಮಾತನ್ನು ಹೆಕ್ಕಿ ಡಬ್ಬಿಗೆ ಹಾಕಿಟ್ಟಿದ್ದರು. ಹತ್ತೊಂಬತ್ತು ವರ್ಷ. ಆ ಡಬ್ಬಿಯ ಧೂಳನ್ನು ವಾರಕ್ಕೊಮ್ಮೆ ಒರೆಸಿದವಳು ನಾನು.

ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ದನಿ ಎತ್ತಿದವಳಲ್ಲ. ಅಂದು ಎತ್ತಿದೆ. "ನನ್ ತಂಗಿ ಬಂದಿದ್ಲಾ? ಈ ಮನೆ ಬಾಗ್ಲಿಗೆ? ನಂಗ್ಯಾಕೆ ಹೇಳ್ಲಿಲ್ಲ ನೀವು?"

ಅವರು ಗಾಬರಿಯಾಗಲಿಲ್ಲ. "ಕೋಟಿ ಡಬ್ಬಿ ತೆಗಿ. ಇದಕ್ಕಿಂತ ಮೂರು ವಾರ ಹಿಂದಿನ ತಾರೀಖು ನೋಡು" ಎಂದರು. ಹುಡುಕಿದೆ. ಸಿಕ್ಕಿತು.

ಕೋಟಿ. "ಕೋಟಿ ಜನ್ಮ ಎತ್ತಿದ್ರೂ ಅವಳ ಮುಖ ನೋಡಲ್ಲ." ಸೊಸೆ. ತವರಿಂದ ಬಂದ ದಿನ, ಚೀಲ ಇಳಿಸುತ್ತ. ಛಾಯೆ: ಎಂದೆಂದಿಗೂ ಇಲ್ಲ. ಇದರಾಚೆ ಮಾತಿಲ್ಲ.

"ನೀನು ಕೋಟಿ ಅಂದಿದ್ದೆ. ಲಕ್ಷ ಅಂದಿದ್ರೆ ಹೇಳ್ತಿದ್ದೆ" ಎಂದರು ಮಾವ. "ಲಕ್ಷ ಅಂದೋರು ಬಗ್ತಾರೆ. ಎಷ್ಟೋ ಚೀಟಿ ನೋಡಿದ್ದೀನಿ. ಕೋಟಿ ಅಂದ್ರೆ ತುದಿ. ತುದಿಗೆ ಹೋದೋರ ಹತ್ರ ಹೇಳೋದೇನಿದೆ ಅಂತ ಸುಮ್ನಾದೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಸುತ್ತ ಬರೀ ಚೀಟಿ. ಆಮೇಲೆ ನನ್ನ ಬಾಯಿಂದ ಬಂದದ್ದು ನಾನು ಯೋಚಿಸಿ ಆಡಿದ ಮಾತಲ್ಲ. "ಮಾವ, ಸಾವಿರ ಕೆಲ್ಸ ಅಂದಾಗ ಎಣಿಸಿ ನಾಲ್ಕು ಅಂತ ಬರೆದ್ರಲ್ಲ. ಕೋಟಿ ಜನ್ಮ ಅಂದಾಗ ಯಾಕೆ ಎಣಿಸ್ಲಿಲ್ಲ? ಎಣಿಸಿದ್ರೆ ನನ್ ಸಿಟ್ಟು ಎರಡು ತಿಂಗಳೂ ಬರ್ತಿರ್ಲಿಲ್ಲ!"

ಮಾವ ಕೋಟಿಯ ಚೀಟಿಗೆ ಕೈ ಚಾಚಿದರು. ಅವರ ಕೆಳದುಟಿ ಅದುರುವುದನ್ನು ನಾನು ಮೊದಲ ಸಲ ನೋಡಿದೆ. "ಛಾಯೆ ತಪ್ಪಾಯ್ತು" ಎಂದರು. "ಕೆಂಪು ಪೆನ್ನು ಕೊಡಮ್ಮ." ಕೊಟ್ಟೆ. ಕಾಣದ ಕಣ್ಣಿನಲ್ಲಿ ಚೀಟಿಯನ್ನು ಸವರಿ ಸವರಿ ಅಡ್ಡಗೆರೆ ಎಳೆದರು. ಗೆರೆ ಚೀಟಿ ದಾಟಿ ಅವರ ಪಂಚೆಯ ಮೇಲೂ ಹೋಯಿತು. ಇನ್ನೂ ಒಂದು ಮಾತು ಹೇಳಿದರು. ಅದು ಇಲ್ಲಿ ಬೇಡ ಬಿಡು.

ನಿನ್ನ ಭಾವ ಗಡಿಯಾರದ ಅಂಗಡಿಯಿಂದ ಬಂದು, ಚೀಟಿ ಓದಿ, ಕಣ್ಣಿಗೆ ಹಾಕುವ ಆ ಸಣ್ಣ ಭೂತಗನ್ನಡಿಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟರು. "ಏನಪ್ಪಾ ಇದು" ಎಂದು ಅಪ್ಪನನ್ನು ಒಂದೇ ಸಲ ಕೇಳಿದರು. ಆಮೇಲೆ ಅಪ್ಪನಿಗೂ ನನಗೂ ಚಹಾ ಮಾಡಿಕೊಟ್ಟರು. ಸಕ್ಕರೆ ಹಾಕಲು ಮರೆತಿದ್ದರು. ಮೂವರೂ ಕುಡಿದೆವು.

ಗುರುವಾರ ಬೆಳಿಗ್ಗೆ

ನಿನ್ನೆ ಅಲ್ಲಿಗೇ ನಿಲ್ಲಿಸಿದೆ. ಈಗ ಪೂಜೆ ಮುಗಿಸಿ ಕೂತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಯಾಕೆಂದರೆ ಒಮ್ಮೆಯೂ ನಾನು ಇದನ್ನು ಬಾಯಿಬಿಟ್ಟು ಹೇಳಿಲ್ಲ. ಅಮ್ಮನಿಗೆ ಕಾಯಿಲೆ ಜೋರಾಗಿದೆ ಎಂಬ ಸುದ್ದಿ ನನಗೆ ಎರಡು ದಿನ ತಡವಾಗಿ ತಲುಪಿತು. ನಾನು ಬರುವಷ್ಟರಲ್ಲಿ ಎಲ್ಲ ಮುಗಿದು, ನೀನು ಆ ಕೋಣೆಯ ನೆಲ ತೊಳೆಯುತ್ತಿದ್ದೆ. ಹಾಸಿಗೆ ಸುತ್ತಿಟ್ಟಿತ್ತು. ಅಮ್ಮನ ಕನ್ನಡಕ ಕಿಟಕಿಯಲ್ಲಿತ್ತು. ನೀನು ಬೇಕೆಂದೇ ತಡಮಾಡಿದೆ, ಕೊನೆಯ ಗಳಿಗೆ ನಿನಗೊಬ್ಬಳಿಗೇ ಇರಲಿ ಎಂದು ಬಚ್ಚಿಟ್ಟುಕೊಂಡೆ ಎಂದು ನಾನು ಹತ್ತು ಜನರೆದುರು ಕೂಗಿದೆ. ನೀನು ಸೀರೆ ನೆನೆದುಕೊಂಡು, ಪೊರಕೆ ಹಿಡಿದುಕೊಂಡು ನಿಂತಿದ್ದೆ. ಒಂದೂ ಮಾತಾಡಲಿಲ್ಲ. ಮೆಣಸಿನಕಾಳು ಮಾತಾಡದೆ ನಿಂತದ್ದು ಅದೊಂದೇ ಸಲ. ತಪ್ಪಿತಸ್ಥೆ, ಅದಕ್ಕೇ ಸುಮ್ಮನಿದ್ದಾಳೆ ಎಂದುಕೊಂಡೆ. ಮೂರು ರಾತ್ರಿ ನಿದ್ದೆಯಿಲ್ಲದವಳಿಗೆ ದನಿ ಎಲ್ಲಿಂದ ಬರಬೇಕು ಎಂದು ನನಗೆ ಹೊಳೆಯಲಿಲ್ಲ. ಸುದ್ದಿ ತಂದವನು ದಾರಿಯಲ್ಲಿ ತಡಮಾಡಿದನೋ, ನೀನು ಹೇಳಿಕಳಿಸಿದ್ದೇ ತಡವೋ, ನನಗೆ ಈಗ ಬೇಡ. ಅದನ್ನು ನಾನು ಕೇಳುವುದಿಲ್ಲ.

ನಾನು ಕೇಳುವುದು ಒಂದೇ. ಆ ಚುಕ್ಕೆಗಳ ಜಾಗ. ಅಮ್ಮ ಏನೆಂದಳು? ಮಾವನಿಗೆ ಆ ನಡುವಿನ ಮಾತು ಕೇಳಿಸಲಿಲ್ಲವಂತೆ. ವಯಸ್ಸಾದವರ ಕಿವಿ. ಈ ಲೋಕದಲ್ಲಿ ಅದು ಗೊತ್ತಿರುವುದು ನಿನಗೊಬ್ಬಳಿಗೆ. ಪ್ರೆಸ್ಸಿನ ಯಜಮಾನರು ಮೊನ್ನೆ ಬಂದು "ಆ ಚೀಟಿ ಹಾಕಿದ್ರೆ ಓದಿದೋರು ಕಣ್ಣೀರು ಹಾಕ್ತಾರಮ್ಮ" ಎಂದರು. "ನನ್ ತಂಗಿ ಮಾತು ಅದು, ಅವಳು ಹೂಂ ಅಂದ್ರೆ ಮಾತ್ರ" ಎಂದೆ. ನಾನು ಯಾರ ಎದುರಿಗೂ ಅಷ್ಟು ಖಡಕ್ಕಾಗಿ ಮಾತಾಡಿದವಳಲ್ಲ. ಮಾವ ಒಳಗಿಂದ, "ಅವಳು ಹೇಳ್ದಂಗೇ ಆಗ್ಲಿ. ಅಚ್ಚಿನ ಗಡುವು ಹೋದ್ರೆ ಹೋಗ್ಲಿ" ಎಂದರು.

ಆ ಚೀಟಿಯನ್ನೇ ಇದರೊಳಗೆ ಮಡಿಸಿ ಇಟ್ಟಿದ್ದೇನೆ. ಇರುವುದು ಅದೊಂದೇ, ನಕಲು ಮಾಡಿಕೊಂಡಿಲ್ಲ. ಹರಿದು ಹಾಕಬೇಕೆನಿಸಿದರೆ ಹರಿದುಹಾಕು, ನಿನ್ನದು. ತುಂಬಬೇಕೆನಿಸಿದರೆ ಚುಕ್ಕೆಗಳ ಮೇಲೆ ತುಂಬಿ ಕಳಿಸು.

ಕಾಗದ ಮುಗಿಸುವಾಗ ಸಾವಿರ ಆಶೀರ್ವಾದ, ಕೋಟಿ ಹಾರೈಕೆ ಎಂದು ಬರೆಯುವುದು ರೂಢಿ. ನನಗೆ ಈಗ ಆ ಪದಗಳನ್ನು ಮುಟ್ಟಲು ಭಯ. ನಿನಗೂ, ನಿನ್ನ ಯಜಮಾನರಿಗೂ, ನಾನು ಮುಖ ಕಾಣದ ನಿನ್ನ ಮಕ್ಕಳಿಗೂ, ತಲೆಗೊಂದರಂತೆ, ನನ್ನ ಆಶೀರ್ವಾದ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ
ಅಕ್ಕ

ಮ.ವಿ.: ಅಂಟು ಹಚ್ಚಿದ ಲಕೋಟೆಯನ್ನು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ಕಾಗದದ ತಲೆಯ ಮೇಲೆ ದೇವರನ್ನು ಬರೆದು ಕೆಳಗೆ ಸುಳ್ಳು ಬರೆದರೆ ಅಂಟು ನಿಲ್ಲುವುದಿಲ್ಲ.

ಮಾವನ ಕಿವಿ ಆಗ ಚೆನ್ನಾಗಿತ್ತು. ಈಗಲೂ ಚೆನ್ನಾಗಿದೆ. ಚೀಟಿಯನ್ನು ತಿರುಗಿಸಿ ನೋಡು. ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದಾರೆ: "ನಡುವಿನ ಮಾತು ಕೇಳಿಸಲಿಲ್ಲ. ಒಳಗೆ ನಲ್ಲಿಯ ಸದ್ದು."

ಆ ದಿನ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಬಾಗಿಲಲ್ಲಿ "ಅಕ್ಕಾ" ಅಂದದ್ದು ಕೇಳಿಸಿತು. ನಿನ್ನ ದನಿ ನನಗೆ ಗೊತ್ತಾಗದೆ ಇರುತ್ತದೆಯೇ? ನಾನು ಕೈ ಚಾಚಿ ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆದೆ, ನಿನ್ನ ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯುವ ತನಕ. ಬಂದದ್ದು ನೀನು ಎಂದು ಹತ್ತೊಂಬತ್ತು ವರ್ಷದಿಂದ ನನಗೆ ಗೊತ್ತು. ಬೈಯಲು ಬಂದೆ, ಇಲ್ಲಾ ಜಗಳ ಮುಂದುವರಿಸಲು ಬಂದೆ ಎಂದುಕೊಂಡೆ. ಅಮ್ಮನನ್ನು ತಂದಿದ್ದೀಯ ಎಂದು ಗೊತ್ತಿರಲಿಲ್ಲ.

ಮಾವ ಶನಿವಾರ ಕೊನೆಗೆ ಹೇಳಿದ್ದು ಇದು: "ಮನೆಗೆ ಯಾರೇ ಬಂದು ಹೋದ್ರೂ 'ಯಾರು ಬಂದಿದ್ರು ಮಾವ' ಅಂತ ಕೇಳೋಳು ನೀನು. ಅವತ್ತು ಕೇಳ್ಲಿಲ್ಲ. ಕೇಳ್ತೀಯ ಅಂತ ಸಂಜೆವರೆಗೂ ಅಲ್ಲೇ ಕೂತಿದ್ದೆ."

ನಿನ್ನನ್ನು ಹೆರುವಾಗಲೂ, ಕೊನೆಗೆ ಹೋಗುವಾಗಲೂ ನನ್ನನ್ನೇ ಕರೆದ ಅಮ್ಮನ ಕೊನೆಯ ಮಾತನ್ನು ನಾನೇ ನೀರಿಗೆ ಬಿಟ್ಟೆ, ತಂಗೀ.

ಬರೆದು ಕಳಿಸಬೇಡ. ಬಾ. ಬಂದು ಬಾಗಿಲಲ್ಲಿ ನಿಂತು ಹೇಳು. ನಲ್ಲಿ ನಿಲ್ಲಿಸಿರುತ್ತೇನೆ.